ಊರ ಕೊಳೆ ಹೊಲದ ಸಾರವಾದ ಬಗೆ

ಬೆಳಗೋಡಿನ ಸುತ್ತಣ ಮಲೆಗಳಲ್ಲಿ ಮುಂಗಾರು ಹಿಡಿಯಿತೆಂದರೆ ಮಣ್ಣಿನ ಸಾರವು ನೀರಿನೊಡನೆ ಇಳಿಜಾರಿಗೆ ಹರಿದುಹೋಗುವುದು ಹೊಸ ಸಂಗತಿಯಲ್ಲ. ಆದುದರಿಂದಲೇ ನಮ್ಮ ಹಿರಿಯರು ಕಾಡಿನ ಸೊಪ್ಪು ದರಗುಗಳನ್ನು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲಗಳೊಡನೆ ತಿಪ್ಪೆಗೆ ಸೇರಿಸಿ, ವರ್ಷಕ್ಕೊಮ್ಮೆ ಗದ್ದೆಗೂ ತೋಟಕ್ಕೂ ಹೊರುತ್ತಿದ್ದರು. ಪ್ರಸಾದನಿಲಯಗಳಲ್ಲಿ ಓದಿದವರಿಗೆ ಉಂಡ ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕುವ ಸರದಿಯೂ ನೆನಪಿರಬಹುದು. ಹಳ್ಳಿಯಲ್ಲಿ ಈ ಲೆಕ್ಕ ಹೇಗೋ ಸರಿಹೋಗುತ್ತಿತ್ತು. ಆದರೆ ಅಕ್ಕಿ ರಾಗಿಗಳು ಗಾಡಿಯೇರಿ ಪಟ್ಟಣಕ್ಕೆ ಹೋದ ಮೇಲೆ, ಅವುಗಳೊಡನೆ ಹೋದ ಸಾರಜನಕ ರಂಜಕಗಳು ಮಣ್ಣಿಗೆ ಮರಳುವ ದಾರಿ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕಿದ ಸ್ಥಳಗಳಲ್ಲಿ ನಮ್ಮ ಬೆಂಗಳೂರೂ ಒಂದೆಂಬುದನ್ನು ಬಹುಮಂದಿ ಅರಿಯರು.

1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಒಂದು ಹೊಸ ವಿಧಾನವನ್ನು ಪ್ರಕಟಿಸಿದರು. ಕೊಳಚೆ ನೀರಿಗೆ ಗಾಳಿಯನ್ನೂದಿದರೆ ಸೂಕ್ಷ್ಮಜೀವಿಗಳು ತುಂಬಿದ ರಾಡಿಯೊಂದು ಬೆಳೆಯುತ್ತದೆ. ಆ ರಾಡಿಯೇ ಮುಂದೆ ಬರುವ ಕೊಳಚೆಯನ್ನು ತಿಳಿಯಾಗಿಸುತ್ತದೆ. ಈ ಪ್ರಯೋಗಕ್ಕೆ ಪ್ರೇರಣೆಯಿತ್ತವರು ಗಿಲ್ಬರ್ಟ್ ಫೌಲರ್. ಇವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿರುವ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. ನೀರು ತಿಳಿಯಾದರೆ ಸಾಲದು, ತಳದಲ್ಲಿ ನಿಂತ ಸಾರಜನಕವು ಹೊಲಕ್ಕೆ ಸೇರಬೇಕೆಂಬುದು ಅವರ ಚಿಂತನೆ. 1934ರಲ್ಲಿ ಸಾರಜನಕದ ಸಂರಕ್ಷಣೆಯನ್ನೇ ವಿಷಯವಾಗಿಸಿಕೊಂಡು ಒಂದು ಗ್ರಂಥವನ್ನೂ ರಚಿಸಿದರು.

ಈ ನಡುವೆ ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಅವರು ಯಶವಂತ ವಾಡ್ ಅವರೊಡನೆ ಕಾಂಪೋಸ್ಟ್ ಪದ್ಧತಿಯೊಂದನ್ನು ರೂಪಿಸಿ 1931ರಲ್ಲಿ ಪುಸ್ತಕವಾಗಿ ಹೊರತಂದಿದ್ದರು. ಅದರಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು. ಹೊಲದ ಕಸಕ್ಕೆ ಅದು ಸರಿ. ಪಟ್ಟಣದ ಮಲಕ್ಕೆ ಸಲ್ಲದು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರು 1939ರಲ್ಲಿ ಇದಕ್ಕೆ ಪರಿಹಾರ ಕಂಡರು. ಊರಿನಿಂದಾಚೆ ಸುಮಾರು ಮೂರು ಅಡಿ ಆಳದ ಕಂದಕ ತೋಡಿ, ಆರಂಗುಲ ಕಸ, ಅದರ ಮೇಲೆ ಎರಡಂಗುಲ ಮಲ, ಮತ್ತೆ ಕಸ ಎಂದು ಪದರ ಪದರವಾಗಿ ತುಂಬಿ, ಕೊನೆಗೆ ದಪ್ಪನಾಗಿ ಕಸ ಹರಡಿ ಮಣ್ಣು ಮುಚ್ಚುವುದು. ಮೊದಲ ವಾರದಲ್ಲಿಯೇ ಒಳಗಿನ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೊಣದ ಮರಿಗಳೂ ರೋಗಾಣುಗಳೂ ನಾಶವಾಗುವುದು ಈ ಕಾವಿನಿಂದಲೇ. ಆನಂತರ ಗಾಳಿಯಿಲ್ಲದೆ ನಿಧಾನವಾಗಿ ಕೊಳೆತು, ನಾಲ್ಕರಿಂದ ಆರು ತಿಂಗಳಲ್ಲಿ ದುರ್ಗಂಧವಿಲ್ಲದ ಕರಿಯ ಗೊಬ್ಬರವಾಗುತ್ತದೆ. ಮಗುಚುವ ಕೆಲಸವಿಲ್ಲ, ಸಾರಜನಕದ ನಷ್ಟವೂ ಕಡಿಮೆ. ಕೃಷಿಗ್ರಂಥಗಳಲ್ಲಿ ಇದು ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಪ್ರಸಿದ್ಧ.

ಇಲ್ಲಿಗೆ ನಿಲ್ಲಿಸಿದರೆ ಇತಿಹಾಸವನ್ನು ಅರ್ಧ ಹೇಳಿದಂತಾದೀತು. ಕಂದಕಕ್ಕೆ ಮಲ ಬಂದದ್ದು ಯಾರ ತಲೆಯ ಮೇಲೆ? ವಿಜ್ಞಾನಿಯು ಕಾವನ್ನೂ ಸಾರಜನಕವನ್ನೂ ಅಳೆದನು. ಮನೆಮನೆಯ ಹಿತ್ತಲಿನಿಂದ ಅದನ್ನು ಬುಟ್ಟಿಯಲ್ಲಿ ಹೊತ್ತವರು ಜಾತಿಯ ಕಾರಣಕ್ಕೇ ಆ ಕೆಲಸಕ್ಕೆ ಕಟ್ಟುಬಿದ್ದವರು. ಕೊಳೆಯನ್ನು ಸಂಪತ್ತೆಂದು ಹೊಗಳಿದ ಸಮಾಜವು ಹೊತ್ತವರನ್ನು ಮಾತ್ರ ಹೊರಗೇ ನಿಲ್ಲಿಸಿತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆಗಳು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಬುಟ್ಟಿ ಹೋದೊಡನೆ ಬೆಂಗಳೂರು ಪದ್ಧತಿಯ ಕಂದಕಗಳು ಬರಿದಾದುವೆಂದು ಮರುಗುವವರಿದ್ದಾರೆ. ಆ ಗೊಬ್ಬರಕ್ಕೆ ಅಷ್ಟು ಬೆಲೆ ತೆರಬೇಕಾಗಿದ್ದರೆ ಅದು ಹೋದದ್ದೇ ಲೇಸೆಂದು ನಮ್ಮ ಮತ.

ಕಂದಕಗಳು ಹಿಂದೆ ಸರಿಯಲು ಬೇರೆ ಕಾರಣಗಳೂ ಇದ್ದುವು. ಆಚಾರ್ಯರ ಪ್ರಯೋಗ ನಡೆದ ಕಾಲದ ಆಸುಪಾಸಿನಲ್ಲಿಯೇ, ಹೆಸರಿನಲ್ಲಿ ನಮ್ಮ ಬೆಳಗೋಡಿಗೆ ಹತ್ತಿರವಾದ, ಮೈಸೂರಿನ ಸಮೀಪದ ಬೆಳಗೊಳದಲ್ಲಿ ಅಮೋನಿಯಾ ತಯಾರಿಸುವ ಕಾರ್ಖಾನೆ ತಲೆಯೆತ್ತಿತ್ತು. ಚೀಲದಲ್ಲಿ ಬರುವ ಗೊಬ್ಬರ ಹಗುರ, ವಾಸನೆಯಿಲ್ಲ. ಪಟ್ಟಣದ ಕಸದಲ್ಲಿ ಗಾಜು, ಪ್ಲಾಸ್ಟಿಕ್ ಸೇರಿದುವು. ಕಾರ್ಖಾನೆಗಳ ನೀರು ಬೆರೆತ ಚರಂಡಿಯ ರಾಡಿಯಲ್ಲಿ ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳಿರುತ್ತವೆ. ರೋಗಾಣುವನ್ನು ಕೊಲ್ಲುವ ಕಾವು ಲೋಹವನ್ನು ಏನೂ ಮಾಡದು. ಅಂತಹ ರಾಡಿಯನ್ನು ಪರೀಕ್ಷಿಸದೆ ತರಕಾರಿ ಮಡಿಗೆ ಹಾಕುವುದು ಅಪಾಯ.

2015ರಲ್ಲಿ ಬೆಂಗಳೂರಿಗೆ ಹೊಂದಿದ, ಒಳಚರಂಡಿಯಿಲ್ಲದ ದೇವನಹಳ್ಳಿಯಲ್ಲಿ ಹಳೆಯ ಪ್ರಶ್ನೆಗೆ ಮತ್ತೊಂದು ಉತ್ತರ ದೊರೆಯಿತು. ಅಲ್ಲಿ ಮನೆಗಳ ಶೌಚಗುಂಡಿಯ ರಾಡಿಯನ್ನು ಪಂಪಿನಿಂದ ಹೀರಿ ಟ್ಯಾಂಕರ್ ಲಾರಿಯಲ್ಲಿ ತರುತ್ತಾರೆ. ದಿನಕ್ಕೆ 6,000 ಲೀಟರ್ ರಾಡಿಯನ್ನು ಸಂಸ್ಕರಿಸಲೆಂದು ಕಟ್ಟಿದ ಘಟಕವದು. ಗುಂಡಿಯ ರಾಡಿಯಲ್ಲಿ ಕಾರ್ಖಾನೆಯ ನೀರು ಬೆರೆಯುವ ಭಯವೂ ಕಡಿಮೆ. ರಾಡಿಯನ್ನು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆಸಿ, ಮರಳು ಜಲ್ಲಿಗಳ ಹಾಸಿನ ಮೇಲೆ ಹರಡಿ ಒಣಗಿಸುತ್ತಾರೆ. ಬಸಿದ ನೀರನ್ನು ಬೇರೆಯಾಗಿ ಶುದ್ಧಿಗೊಳಿಸುತ್ತಾರೆ. ಒಣಗಿದ ರಾಡಿಯನ್ನು ಪಟ್ಟಣದ ಹಸಿ ಕಸದೊಡನೆ ರಾಶಿ ಹಾಕಿ ಕಾವೇರಿಸಿ ಗೊಬ್ಬರ ಮಾಡುವ ಕ್ರಮವೂ ಅಲ್ಲಿ ಬಂದಿತು. ಆಚಾರ್ಯರ ಕಂದಕದ ಕಸ ಮತ್ತು ಮಲದ ಜೋಡಿಯೇ ಇದು, ನಡುವೆ ಬುಟ್ಟಿಯಿಲ್ಲ.