ಗೀರು ಮುಚ್ಚಿದ ನೂರು ವರ್ಷ

1920ರಲ್ಲಿ ಅಮೆರಿಕದ ಮಿನೆಸೋಟದಲ್ಲಿದ್ದ ಉಪ್ಪುಕಾಗದದ ಕಂಪನಿಯೊಂದಕ್ಕೆ ಫಿಲಡೆಲ್ಫಿಯಾದಿಂದ ವಿಚಿತ್ರವಾದ ಪತ್ರವೊಂದು ಬಂತು. ಬರೆದವನು ಫ್ರಾನ್ಸಿಸ್ ಓಕಿ, ಮುದ್ರಣದ ಶಾಯಿ ತಯಾರಿಸುತ್ತಿದ್ದವನು. ಕಾಗದಕ್ಕೆ ಅಂಟಿಸುವ ಹರಳುಪುಡಿ ನಿಮ್ಮಲ್ಲಿ ಎಷ್ಟು ಗಾತ್ರದಲ್ಲಿದೆಯೋ ಅಷ್ಟರದ್ದೂ ಮಾದರಿ ಕಳಿಸಿಕೊಡಿ ಎಂದು ಕೇಳಿದ್ದ. ಬಿಡಿ ಪುಡಿ ಮಾರುವ ವಾಡಿಕೆ ಆ ಕಂಪನಿಯಲ್ಲಿರಲಿಲ್ಲ. ಆದರೆ ಅಲ್ಲಿನ ಮೇಲಧಿಕಾರಿ ವಿಲಿಯಂ ಮೆಕ್‌ನೈಟ್‌ಗೆ, ಶಾಯಿಯವನಿಗೆ ಹರಳುಪುಡಿಯ ಉಸಾಬರಿ ಯಾಕೆ ಎಂಬ ಕುತೂಹಲ ಹುಟ್ಟಿತು. ವಿಚಾರಿಸಿದಾಗ ಗುಟ್ಟು ಹೊರಬಿತ್ತು: ನೀರಿನಲ್ಲಿ ನೆನೆದರೂ ಹರಳು ಉದುರದ ಉಪ್ಪುಕಾಗದವನ್ನು ಓಕಿ ಕಂಡುಹಿಡಿದಿದ್ದ. ಕಂಪನಿ ಅದರ ಹಕ್ಕು ಕೊಂಡು 1921ರಲ್ಲಿ ‘ವೆಟ್‌ಆರ್‌ಡ್ರೈ’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಇಂದು ಜಗತ್ತಿಗೆಲ್ಲ ಗೊತ್ತಿರುವ ತ್ರೀಎಂ ಕಂಪನಿ ಅದೇ.

ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ‘ವಾಟರ್ ಪೇಪರ್’ ಎಂದು ಕೇಳಿದರೆ ಅಂಗಡಿಯವನು ಎಳೆದುಕೊಡುವ ಕಪ್ಪು ಹಾಳೆ ಈ ವಂಶದ್ದು. ಕಾರಿನ ಮೈಮೇಲಿನ ಗೀರನ್ನು ಮನೆಯಲ್ಲೇ ಉಜ್ಜುವವರಿಗೂ ಪೇಂಟ್ ಬೂತ್‌ನೊಳಗೆ ಸ್ಪ್ರೇ ಗನ್ ಹಿಡಿದು ನಿಂತ ಪೇಂಟರಿಗೂ ಅದಿಲ್ಲದೆ ಕೆಲಸ ಶುರುವಾಗುವುದಿಲ್ಲ. ಆ ಕಾಲದ ಕಾರ್ಖಾನೆಗಳಿಗೆ ಅದು ಬೇಕಾದದ್ದು ನಯಕ್ಕಾಗಿ ಮಾತ್ರವಲ್ಲ. ಬಣ್ಣದಲ್ಲಿ ಸೀಸ ಇರುತ್ತಿತ್ತು. ಒಣಗಿದ ಮೈಯನ್ನು ಉಜ್ಜಿದಾಗ ಏಳುವ ದೂಳು ನೇರ ಕೆಲಸಗಾರನ ಶ್ವಾಸಕ್ಕೆ ಹೋಗುತ್ತಿತ್ತು. ನೀರು ಹಾಕಿ ಉಜ್ಜಿದರೆ ದೂಳು ಕೆಸರಾಗಿ ಕೆಳಗೆ ಇಳಿಯುತ್ತದೆ.

ಅದಕ್ಕೂ ಮುಂಚೆ ಕಾರಿಗೆ ತನ್ನದೇ ಆದ ಬಣ್ಣದ ವಿದ್ಯೆ ಇರಲಿಲ್ಲ. ಕುದುರೆ ಸಾರೋಟಿಗೆ ಬಳಿಯುತ್ತಿದ್ದ ಅಗಸೆ ಎಣ್ಣೆಯ ಬಣ್ಣ, ಅದರ ಮೇಲೆ ರಾಳದ ವಾರ್ನಿಶ್, ಇಷ್ಟೇ. ಎಲ್ಲವೂ ಬ್ರಷ್‌ನಲ್ಲಿ, ಕೋಟಿನ ಮೇಲೆ ಕೋಟು. ಒಂದು ಕೋಟು ಒಣಗಿದ ಮೇಲೆ ಪ್ಯೂಮಿಸ್ ಕಲ್ಲಿನ ಪುಡಿಯಿಂದ ತಿಕ್ಕಿ ಸಮ ಮಾಡಿ ಮುಂದಿನದನ್ನು ಬಳಿಯಬೇಕು. ಒಂದು ಗಾಡಿ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ವಾರ್ನಿಶ್ ಬಿಸಿಲಿಗೆ ಹಳದಿಗಟ್ಟಿ ಬಿರುಕು ಬಿಡುತ್ತಿದ್ದುದರಿಂದ ಒಂದು ಗೀರನ್ನು ಮಾತ್ರ ಮುಚ್ಚಿದರೆ ತೇಪೆ ಎದ್ದು ಕಾಣುತ್ತಿತ್ತು. ಹಣವಂತರು ಇಡೀ ಗಾಡಿಗೆ ಮತ್ತೆ ಬಣ್ಣ ಬಳಿಸುತ್ತಿದ್ದರು. ಉಳಿದವರು ಗೀರಿನೊಂದಿಗೇ ಓಡಿಸುತ್ತಿದ್ದರು.

ಈ ಲೋಕವನ್ನು ತಲೆಕೆಳಗು ಮಾಡಿದ್ದು ಮದ್ದುಗುಂಡಿನ ನಂಟಸ್ತಿಕೆಯ ಒಂದು ಬಣ್ಣ. ಹತ್ತಿಗೆ ನೈಟ್ರಿಕ್ ಆಮ್ಲ ಸೇರಿಸಿ ಮಾಡುವ ನೈಟ್ರೋಸೆಲ್ಯುಲೋಸ್ ಮೊದಲ ಮಹಾಯುದ್ಧದಲ್ಲಿ ತೋಪುಗಳ ಮದ್ದಾಗಿತ್ತು. ಯುದ್ಧ ಮುಗಿದ ಮೇಲೆ ಡ್ಯೂಪಾಂಟ್ ಕಂಪನಿ ಅದನ್ನು ತೆಳ್ಳಗೆ ಕರಗಿಸಿ ಗಾಢವಾದ ಬಣ್ಣ ತುಂಬುವ ಬಗೆಯನ್ನು ಕಂಡುಕೊಂಡಿತು. ಜನರಲ್ ಮೋಟರ್ಸ್‌ನ ಸಂಶೋಧಕ ಚಾರ್ಲ್ಸ್ ಕೆಟರಿಂಗ್ ಅದನ್ನು ಕಾರಿಗೆ ಒಗ್ಗಿಸುವ ಕೆಲಸಕ್ಕೆ ಕೈಹಾಕಿದ. ಬಣ್ಣ ಬೇಗ ಒಣಗುವುದು ಸಾಧ್ಯವೇ ಇಲ್ಲ ಎಂದು ವಾದಿಸಿದ ಅತಿಥಿಯೊಬ್ಬನನ್ನು ಕೆಟರಿಂಗ್ ಊಟಕ್ಕೆ ಕರೆದೊಯ್ದು, ವಾಪಸು ಬರುವಷ್ಟರಲ್ಲಿ ಅವನದೇ ಕಾರಿಗೆ ಬೇರೆ ಬಣ್ಣ ಹೊಡೆಸಿಟ್ಟಿದ್ದ ಎಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ಕಥೆ ಎಷ್ಟು ನಿಜವೋ, 1924ರ ಮಾದರಿಯ ಓಕ್‌ಲ್ಯಾಂಡ್ ಕಾರು ‘ಡ್ಯೂಕೋ’ ಹೆಸರಿನ ಈ ಬಣ್ಣವನ್ನು ನೀಲಿ ಛಾಯೆಯಲ್ಲಿ ತೊಟ್ಟು ಬಂದದ್ದಂತೂ ನಿಜ. ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಇಷ್ಟು ಬೇಗ ಒಣಗುವ ಬಣ್ಣವನ್ನು ಬ್ರಷ್‌ನಲ್ಲಿ ಎಳೆಯುವುದು ಕಷ್ಟ. ಒಹಾಯೋದ ವೈದ್ಯ ಅಲೆನ್ ಡಿವಿಲ್ಬಿಸ್ ಗಂಟಲಿಗೆ ಔಷಧಿ ಸಿಂಪಡಿಸಲು ಮಾಡಿದ್ದ ಉಪಕರಣವನ್ನು ಅವನ ಮಗ ಥಾಮಸ್ ಅಷ್ಟರಲ್ಲಾಗಲೇ ಬಣ್ಣದ ಸ್ಪ್ರೇ ಗನ್ ಆಗಿ ಬದಲಾಯಿಸಿದ್ದ. ಅದೀಗ ಎಲ್ಲೆಡೆ ಅನಿವಾರ್ಯವಾಯಿತು.

ಗೀರಿನ ಚರಿತ್ರೆಯಲ್ಲಿ ಡ್ಯೂಕೋಗೆ ಇರುವ ಮಹತ್ವ ಅದು ಬೇಗ ಒಣಗುತ್ತಿತ್ತು ಎನ್ನುವುದಲ್ಲ. ಒಣಗಿದ ಮೇಲೂ ತನ್ನ ಥಿನ್ನರ್ ತಾಗಿದರೆ ಮತ್ತೆ ಕರಗುತ್ತಿತ್ತು ಎನ್ನುವುದು. ಗೀರಿನ ಮೇಲೆ ಹೊಸ ಬಣ್ಣ ಬಿದ್ದಾಗ ಅದರ ಥಿನ್ನರ್ ಕೆಳಗಿನ ಹಳೆಯ ಬಣ್ಣವನ್ನು ಸ್ವಲ್ಪ ಮೆತ್ತಗೆ ಮಾಡಿ ಎರಡನ್ನೂ ಬೆಸೆಯುತ್ತಿತ್ತು. ಗನ್ನಿನಿಂದ ಬಂದ ಡ್ಯೂಕೋ ಮಂಕಾಗಿ ಒಣಗುತ್ತಿದ್ದುದರಿಂದ ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ಬರಿಸಬೇಕಿತ್ತು. ಆ ಉಜ್ಜುವಿಕೆಯಲ್ಲಿ ಹೊಸದರ ಅಂಚು ಹಳೆಯದರೊಳಗೆ ಮರೆಯಾಗುತ್ತಿತ್ತು. ಬೆರಳಷ್ಟು ಜಾಗಕ್ಕೆ ಬೆರಳಷ್ಟೇ ಬಣ್ಣ ಹಚ್ಚಿ ಗುರುತು ಸಿಗದಂತೆ ಮಾಡುವುದು ಮೊದಲ ಬಾರಿಗೆ ಕೈಗೆಟುಕಿದ್ದು ಹೀಗೆ. ಮನೆಯವರ ಕೈಗೂ ಡಬ್ಬಿ ಪಾಲಿಶ್ ಬಂತು. 1930ರ ದಶಕದಲ್ಲಿ ಡ್ಯೂಪಾಂಟ್‌ನ ‘ನಂಬರ್ 7’ ಪಾಲಿಶ್ ಅಮೆರಿಕದ ಮನೆಮನೆಯ ಸರಕಾಗಿತ್ತು.

ಡ್ಯೂಕೋ ಬಂದ ಕಾಲಕ್ಕೇ ಎರಡು ಬಣ್ಣದ ಕಾರುಗಳ ಖಯಾಲಿಯೂ ಬಂತು. ಒಂದು ಬಣ್ಣ ಹೊಡೆಯುವಾಗ ಇನ್ನೊಂದನ್ನು ಕಾಗದದಿಂದ ಮುಚ್ಚಬೇಕು. ಅದಕ್ಕೆ ಬಳಸುತ್ತಿದ್ದ ಗಟ್ಟಿ ಅಂಟಿನ ಪಟ್ಟಿ ತೆಗೆಯುವಾಗ ಹೊಸ ಬಣ್ಣವನ್ನೂ ಕಿತ್ತುಕೊಂಡು ಬರುತ್ತಿತ್ತು. ವಾಟರ್ ಪೇಪರ್ ಪರೀಕ್ಷೆಗೆಂದು ಗ್ಯಾರೇಜಿಗೆ ಹೋಗಿದ್ದ ತ್ರೀಎಂನ ತರುಣ ರಿಚರ್ಡ್ ಡ್ರೂ ಪೇಂಟರ್‌ಗಳ ಬೈಗುಳ ಕೇಳಿಸಿಕೊಂಡ. 1925ರಲ್ಲಿ ಅವನು ಮಾಡಿಕೊಟ್ಟದ್ದೇ ಮಾಸ್ಕಿಂಗ್ ಟೇಪ್. ಮನೆಯ ಗೋಡೆಗೆ ಬಣ್ಣ ಬಳಿಯುವವರೂ ಇಂದು ಬಳಸುವ ಆ ಟೇಪು ಹುಟ್ಟಿದ್ದು ಕಾರಿನ ಗ್ಯಾರೇಜಿಗಾಗಿ.

ಆಮೇಲೆ ಬಂದ ಎನಾಮಲ್ ಬೇರೆಯೇ ಜಾತಿ. ಗಾಳಿಯ ಆಮ್ಲಜನಕದಿಂದಲೋ ಒಲೆಯ ಶಾಖದಿಂದಲೋ ಒಮ್ಮೆ ಗಟ್ಟಿಯಾದರೆ ತನ್ನ ಥಿನ್ನರಿಗೂ ಕರಗುವುದಿಲ್ಲ. ಪಾಲಿಶ್ ಇಲ್ಲದೆಯೇ ಹೊಳೆಯುತ್ತದೆ, ಹೆಚ್ಚು ಬಾಳುತ್ತದೆ. ಆದರೆ ತೇಪೆಯ ಅಂಚು ಬೆಸೆಯುವುದಿಲ್ಲ. ಪೂರ್ತಿ ಒಣಗದ ಎನಾಮಲ್ ಮೇಲೆ ಡ್ಯೂಕೋದಂಥ ಲ್ಯಾಕರ್ ಹೊಡೆದರೆ ಹಳೆಯ ಬಣ್ಣ ಸುಕ್ಕುಗಟ್ಟಿ ಎದ್ದುಬರುತ್ತಿತ್ತು. ಬಣ್ಣ ಹಚ್ಚುವ ಮುಂಚೆ ಕೆಳಗಿರುವುದು ಯಾವುದು ಎಂದು ಬಟ್ಟೆಯಲ್ಲಿ ಥಿನ್ನರ್ ಅದ್ದಿ ಮೂಲೆಯಲ್ಲಿ ಒರೆಸಿ ನೋಡುವ ಕ್ರಮ ಪೇಂಟರ್‌ಗಳಿಗೆ ರೂಢಿಯಾಯಿತು. ಬಟ್ಟೆಗೆ ಬಣ್ಣ ಹತ್ತಿದರೆ ಲ್ಯಾಕರ್, ಹತ್ತದಿದ್ದರೆ ಎನಾಮಲ್.

ಭಾರತದ ರಸ್ತೆಗಳಲ್ಲಿ ದಶಕಗಟ್ಟಲೆ ಮೆರೆದದ್ದು ಎರಡೇ ಕಾರು: 1957ರಿಂದ 2014ರವರೆಗೆ ತಯಾರಾದ ಅಂಬಾಸಡರ್ ಮತ್ತು ಮುಂಬೈಯ ಪ್ರೀಮಿಯರ್ ಕಂಪನಿಯ ಫಿಯೆಟ್. ಬಣ್ಣಗಳು ಬೆರಳೆಣಿಕೆಯವು, ಕಾರು ಸಿಗುವುದು ವರ್ಷಗಳ ಕಾಯುವಿಕೆಯ ಮೇಲೆ, ಸಿಕ್ಕ ಕಾರನ್ನು ಇಪ್ಪತ್ತು ಮೂವತ್ತು ವರ್ಷ ಇಟ್ಟುಕೊಳ್ಳುವವರೇ ಹೆಚ್ಚು. ಟಿಂಕರಿಂಗ್–ಪೇಂಟಿಂಗ್ ಅಂಗಡಿ ಬೆಳೆದದ್ದು ಈ ನೆಲದಲ್ಲಿ. ಟಿಂಕರ್ ಸುತ್ತಿಗೆ ಮತ್ತು ಡಾಲಿ ಎಂಬ ಕಬ್ಬಿಣದ ತುಂಡು ಹಿಡಿದು ತಗಡನ್ನು ಬಡಿದು ಹದಕ್ಕೆ ತರುತ್ತಾನೆ. ಉಳಿದದ್ದು ಪೇಂಟರನ ಪಾಲು. ಅವನು ಇಂದಿಗೂ ಬಳಸುವ ಎನ್‌ಸಿ ಪುಟ್ಟಿ, ಎನ್‌ಸಿ ಥಿನ್ನರ್‌ಗಳ ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್. ಕಾರಿನಿಂದ ಮರೆಯಾದ ಮೇಲೂ ಡ್ಯೂಕೋ ಬಡಗಿಗಳ ಬಾಯಲ್ಲಿ ಉಳಿದಿದೆ. ವಾರ್ಡ್‌ರೋಬ್‌ಗೆ ‘ಡ್ಯೂಕೋ ಹೊಡೆಸೋದಾ?’ ಎಂದು ಕೇಳುವವನಿಗೆ ಅದು ಕಾರಿನ ಬಣ್ಣವಾಗಿತ್ತು ಎಂಬ ನೆನಪೂ ಇರಲಿಕ್ಕಿಲ್ಲ.

ಅಂಥ ಅಂಗಡಿಯಲ್ಲಿ ಆಳವಾದ ಗೀರೊಂದರ ಪಾಡು ಹೀಗೆ. ಮೊದಲು ಅಂಚುಗಳನ್ನು ಉಜ್ಜಿ ಇಳಿಜಾರು ಮಾಡುತ್ತಾರೆ. ಮೆಟ್ಟಿಲು ಉಳಿದರೆ ಎಷ್ಟು ಬಣ್ಣ ಸುರಿದರೂ ಗೆರೆ ಕಾಣುತ್ತದೆ. ತಗಡು ಕಂಡಿದ್ದರೆ ತುಕ್ಕು ಕೆರೆದು ಪ್ರೈಮರ್ ಹಾಕುತ್ತಾರೆ. ಆಮೇಲೆ ಪುಟ್ಟಿ. ತಗ್ಗು ಹೆಚ್ಚಿದ್ದರೆ ಹಾರ್ಡ್‌ನರ್ ಕಲಸಿದ ಪಾಲಿಯೆಸ್ಟರ್ ಪುಟ್ಟಿ, ಕೂದಲೆಳೆಯ ಗೆರೆಗಳಿಗೆ ಎನ್‌ಸಿ. ಒಣಗಿದ ಪುಟ್ಟಿಯ ಮೇಲೆ ತೆಳ್ಳಗೆ ಕಪ್ಪು ಸಿಂಪಡಿಸಿ, ಮರದ ತುಂಡಿಗೆ ಪೇಪರ್ ಸುತ್ತಿ ಉಜ್ಜುತ್ತಾರೆ. ಉಬ್ಬಿನ ಮೇಲಿನ ಕಪ್ಪು ಹೋಗಿ ತಗ್ಗಿನಲ್ಲಿ ಉಳಿಯುತ್ತದೆ. ಅಲ್ಲಿಗೆ ಇನ್ನೊಂದು ಕೈ ಪುಟ್ಟಿ. ಕಡೆಯ ತೀರ್ಪು ಅಂಗೈಯದು. ನುರಿತ ಪೇಂಟರ್ ಬೇರೆಡೆ ನೋಡುತ್ತ ಮೈಮೇಲೆ ಕೈಯಾಡಿಸಿ, ಕಣ್ಣಿಗೆ ಕಾಣದ ತಗ್ಗನ್ನು ಹಿಡಿಯುತ್ತಾನೆ.

ಬಣ್ಣ ಕೂಡಿಸುವುದು ಇನ್ನೂ ಸೂಕ್ಷ್ಮ. ಕಾರ್ಖಾನೆಯ ಬಿಳಿ ಹತ್ತು ವರ್ಷದ ಬಿಸಿಲಿನಲ್ಲಿ ಬೇರೆ ಬಿಳಿಯಾಗಿರುತ್ತದೆ. ಹೊಸ ಡಬ್ಬಿಯ ಬಣ್ಣ ಎಷ್ಟೇ ಶುದ್ಧವಾಗಿದ್ದರೂ ಹಳೆಯ ಬಾಗಿಲಿನ ಮೇಲೆ ತೇಪೆಯೇ. ಹಸಿಯಾಗಿರುವಾಗ ಒಂದು ಛಾಯೆ, ಒಣಗಿದ ಮೇಲೆ ಇನ್ನೊಂದು. ಹಾಗಾಗಿ ಒಂದು ಹನಿ ಹಚ್ಚಿ, ಒಣಗಲು ಬಿಟ್ಟು, ಬಿಸಿಲಿಗೆ ನಿಂತು ನೋಡಿ, ಚೂರು ಹಳದಿಯನ್ನೋ ಕಪ್ಪನ್ನೋ ಸೇರಿಸುತ್ತಾರೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿಕೊಂಡು ಬಣ್ಣದ ಅಂಗಡಿಗೆ ಹೋಗಿ ‘ಇದಕ್ಕೆ ಮ್ಯಾಚ್ ಮಾಡಿಕೊಡಿ’ ಎನ್ನುವ ಪದ್ಧತಿ ಹುಟ್ಟಿದ್ದು ಇದರಿಂದಲೇ.

ಈ ಕಣ್ಣಳತೆಗೆ ಸವಾಲೆಸೆದದ್ದು ಮೆಟಾಲಿಕ್. ಅಲ್ಯೂಮಿನಿಯಂ ಚೂರುಗಳು ಬಣ್ಣದೊಳಗೆ ಯಾವ ಕೋನದಲ್ಲಿ ಮಲಗುತ್ತವೆ ಎಂಬುದರ ಮೇಲೆ ಅದರ ಛಾಯೆ ನಿಂತಿದೆ. ಗನ್ ತುಸು ಹತ್ತಿರ ಬಂದರೆ, ಗಾಳಿಯ ಒತ್ತಡ ತುಸು ಏರಿದರೆ, ಅದೇ ಡಬ್ಬಿಯ ಬಣ್ಣ ಬೇರೆಯಾಗಿ ಕಾಣುತ್ತದೆ. ಎದುರಿನಿಂದ ಸರಿಯಾದದ್ದು ಓರೆಯಿಂದ ಕಪ್ಪಾಗಬಹುದು. ಆದ್ದರಿಂದ ಗೀರು ಬಾಗಿಲಲ್ಲಿದ್ದರೂ ಪಕ್ಕದ ಪ್ಯಾನಲ್‌ವರೆಗೆ ಬಣ್ಣವನ್ನು ಮಸುಕಾಗಿ ಹರಡಿ ಕಣ್ಣಿಗೆ ಮಂಕುಬೂದಿ ಎರಚಬೇಕಾಯಿತು. ಕಾರಿನ ಮೇಲಿನ ಪೇಂಟ್ ಕೋಡ್, ಗ್ರಾಂ ಲೆಕ್ಕದಲ್ಲಿ ಬೆರೆಸುವ ಕಂಪ್ಯೂಟರ್ ತಕ್ಕಡಿ, ಬಣ್ಣ ಅಳೆಯುವ ಕ್ಯಾಮೆರಾದಂಥ ಯಂತ್ರ ಬಂದದ್ದು ಇದರ ಬೆನ್ನಿಗೆ.

ಈಗಿನ ಕಾರಿನ ಮೈ ನಾಲ್ಕು ಪದರದ್ದು. ತಗಡಿಗೆ ಅಂಟಿದಂತೆ, ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಕೂರಿಸುವ ತುಕ್ಕುತಡೆ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿದರೆ ಸುಮಾರು 100ರಿಂದ 130 ಮೈಕ್ರಾನ್; ಅದರಲ್ಲಿ ಕ್ಲಿಯರ್ ಕೋಟ್ 40–50, ನಿಜವಾದ ಬಣ್ಣ 15–20 ಮಾತ್ರ. 1937ರಲ್ಲಿ ಜರ್ಮನಿಯ ಓಟೋ ಬಾಯರ್ ಕಂಡುಹಿಡಿದ ಪಾಲಿಯುರೆಥೇನ್ ರಸಾಯನವೇ ರಿಪೇರಿಯಲ್ಲಿ ಬಳಸುವ ಗಟ್ಟಿ ಕ್ಲಿಯರ್‌ಗೆ ಮೂಲ. ಅದರ ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಉಸಿರಿಗೆ ಸೇರಿದರೆ ಅಸ್ತಮಾ ಬರಿಸಬಲ್ಲದು. ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ರಸ್ತೆಬದಿಯಲ್ಲಿ ಗನ್ ಹಿಡಿಯುವ ಪೇಂಟರಿಗೆ ಆ ಬಟ್ಟೆ ಏನನ್ನೂ ತಡೆಯುವುದಿಲ್ಲ. ಬೂತ್, ಗಾಳಿ ಪೂರೈಸುವ ಮುಖವಾಡ ಬೇಕಾಗಿರುವುದು ಫಿನಿಶಿಂಗ್‌ಗಿಂತ ಮೊದಲು ಈ ಕಾರಣಕ್ಕೆ.

ಮನೆಯಲ್ಲೇ ಮಾಡುವ ರಿಪೇರಿಗೆ ಗಡಿ ಗೆರೆ ಹಾಕಿದ್ದೂ ಕ್ಲಿಯರ್ ಕೋಟೇ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳದ ಬಿಳಿ ಗೀರು ಸಾಮಾನ್ಯವಾಗಿ ಆ ಪದರ ದಾಟಿರುವುದಿಲ್ಲ. ಅದು ಬೆಳ್ಳಗೆ ಕಾಣುವುದು ಒರಟಾದ ಅಂಚುಗಳು ಬೆಳಕನ್ನು ಚದುರಿಸುವುದರಿಂದ. ಕಾಂಪೌಂಡ್ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಮೈಯನ್ನು ಅದರ ಮಟ್ಟಕ್ಕೆ ಇಳಿಸುತ್ತದೆ. ಟೂತ್‌ಪೇಸ್ಟ್‌ನಿಂದ ಗೀರು ಹೋಯಿತು ಎನ್ನುವವರ ಮಾತಿನಲ್ಲಿರುವ ಸತ್ಯವೂ ಇಷ್ಟೇ. ಅದರಲ್ಲಿ ಮೆತ್ತನೆಯ ಉಜ್ಜುಪುಡಿ ಇದೆ. ಕಾರನ್ನು ತೊಳೆಯದೆ ಉಜ್ಜಿದರೆ ಮೈಮೇಲಿನ ಮಣ್ಣೇ ನೂರು ಹೊಸ ಗೀರು ಎಳೆಯುತ್ತದೆ. ಒಂದೇ ಜಾಗದಲ್ಲಿ ಅತಿಯಾಗಿ ಉಜ್ಜಿದರೆ 40 ಮೈಕ್ರಾನ್ ಸವೆಯಲು ಹೊತ್ತು ಬೇಕಿಲ್ಲ. ಉಗುರು ಸಿಕ್ಕಿಕೊಂಡರೆ, ಒಳಗಿನ ಬೂದು ಪ್ರೈಮರೋ ತಗಡೋ ಕಂಡರೆ, ಪೇಂಟ್ ಕೋಡ್ ಹೇಳಿ ತಂದ ಟಚ್‌ಅಪ್ ಬಾಟಲಿಯಿಂದ ತುಕ್ಕು ತಡೆಯಬಹುದು; ಗುರುತು ಮುಚ್ಚುವುದು ಅನುಮಾನ.

ಅಲ್ಲಿಂದಾಚೆ ಲೆಕ್ಕ ಪ್ಯಾನಲ್‌ನದು. ಕರಗಿ ಬೆಸೆಯದ ಕ್ಲಿಯರ್ ಕೋಟನ್ನು ಪ್ಯಾನಲ್ಲಿನ ನಡುವೆ ನಿಲ್ಲಿಸಿದರೆ ಅಂಚು ಮುಂದೊಂದು ದಿನ ಎದ್ದೇಳುತ್ತದೆ. ಆದ್ದರಿಂದ ಇಂಚಿನ ಗೀರಿಗೂ ಇಡೀ ಬಾಗಿಲಿಗೆ ಕ್ಲಿಯರ್. ಸರ್ವಿಸ್ ಸೆಂಟರ್‌ಗಳು ದರ ಹೇಳುವುದೂ ಪ್ಯಾನಲ್ ಲೆಕ್ಕದಲ್ಲೇ. ಭಾರತದ ಸಾಮಾನ್ಯ ವಾಹನ ವಿಮೆ ಬಣ್ಣದ ಸಾಮಗ್ರಿಯ ವೆಚ್ಚದಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತದೆ. ಈ ಸವಕಳಿ ಕಳೆಯದ ಜೀರೋ ಡೆಪ್ರಿಸಿಯೇಶನ್ ಪಾಲಿಸಿಗೆ ಜನ ಮುಗಿಬೀಳುವುದಕ್ಕೆ ಇದೂ ಒಂದು ಕಾರಣ. ಇತ್ತ, ಗುರುವಿನ ಬಳಿ ಡಬ್ಬಿ ತೊಳೆಯುತ್ತ ಕಲಿಯುತ್ತಿದ್ದ ಪೇಂಟರನ ವಿದ್ಯೆ ಈಗ ಪಠ್ಯವೂ ಆಗಿದೆ: ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಕರ್ನಾಟಕದ ಹಳ್ಳಿಗಾಡಿನ ಮಕ್ಕಳು ವೆಲ್ಡಿಂಗ್, ಜೋಡಣೆಗಳ ಸಾಲಿನಲ್ಲಿ ವಾಹನದ ಪೇಂಟಿಂಗನ್ನೂ ಕಲಿಯುತ್ತಾರೆ.

ಬಣ್ಣವೇ ತನ್ನ ಗೀರನ್ನು ಮುಚ್ಚಿಕೊಳ್ಳಲಿ ಎಂಬ ಪ್ರಯತ್ನ 2005ರಲ್ಲಿ ಸುದ್ದಿಯಾಯಿತು. ನಿಸಾನ್ ಕಂಪನಿ ನಿಪ್ಪಾನ್ ಪೇಂಟ್ ಜೊತೆ ಸೇರಿ ಮಾಡಿದ ಕ್ಲಿಯರ್ ಕೋಟ್‌ನಲ್ಲಿ ರಬ್ಬರಿನಂಥ ಗುಣದ ರಾಳವಿತ್ತು. ಕಾರು ತೊಳೆಯುವಾಗ ಬೀಳುವಂಥ ಸಣ್ಣ ಗೀರು ಶಾಖ ಮತ್ತು ಆಳಕ್ಕೆ ತಕ್ಕಂತೆ ಒಂದು ದಿನದಿಂದ ವಾರದೊಳಗೆ ಮಾಯುತ್ತಿತ್ತು. ಇಂದು ಹೊಸ ಕಾರುಗಳಿಗೆ ಅಂಟಿಸುವ ಪಾರದರ್ಶಕ ಫಿಲ್ಮ್‌ನ ಗುಣವೂ ಇದೇ. ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳಿನ ಸವೆತದಿಂದ ಕಾಯಲು ಮಾಡಿದ ಪಟ್ಟಿಗಳು ಅದರ ಹಿರಿಯರು.

ಇನ್ನೊಂದೆಡೆ ಶೋರೂಮುಗಳಲ್ಲಿ ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಬೇಡಿಕೆ ಏರಿದೆ. ಅದರ ಮಂಕು ಬರುವುದು ಕ್ಲಿಯರ್ ಕೋಟ್‌ನ ಮೇಲ್ಮೈಯಲ್ಲಿರುವ ಸೂಕ್ಷ್ಮ ಒರಟಿನಿಂದ. ಪಾಲಿಶ್ ಮಾಡಿದರೆ ಆ ಒರಟು ಸವೆದು ಅಷ್ಟು ಜಾಗ ಮಾತ್ರ ಹೊಳೆಯತೊಡಗುತ್ತದೆ, ಮತ್ತೆ ಮಂಕಾಗುವುದಿಲ್ಲ. ಅಂಥ ಕಾರಿಗೆ ರಬ್ಬಿಂಗ್, ವ್ಯಾಕ್ಸ್ ಪಾಲಿಶ್‌ಗಳನ್ನು ತಾಗಿಸಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಸಾರೋಟಿನ ಕಾಲದ ಪ್ಯೂಮಿಸ್ ಪುಡಿಯಿಂದ ಹಿಡಿದು ಟೂತ್‌ಪೇಸ್ಟ್‌ವರೆಗಿನ ಯಾವ ಉಪಾಯವೂ ಇಲ್ಲಿ ನಡೆಯದು. ಉಗುರಿಗೂ ಸಿಗದ ಗೀರಿಗೆ ಇಡೀ ಪ್ಯಾನಲ್ ಬೂತ್‌ಗೆ ಹೋಗುತ್ತದೆ. ಬಿಲ್ಲು ಮಾಮೂಲಿ ಬಣ್ಣಕ್ಕಿಂತ ಜಾಸ್ತಿಯೇ ಆಗುತ್ತದೆ.