ಖಾನಾಪುರದ ಕಾಡ್ಗಿಚ್ಚು ಮತ್ತು ಮೂರು ಗಡಿಗಳು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿಗೆ ಬೆಂಕಿ ಬೀಳುವ ಕಾಲ ಫೆಬ್ರುವರಿಯಿಂದ ಮೇ ತನಕ. ಶಿವರಾತ್ರಿಯ ಹೊತ್ತಿಗೆ ತೇಗ, ಮತ್ತಿ, ನಂದಿ ಮರಗಳು ಎಲೆ ಉದುರಿಸಿ ಬೋಳಾಗುತ್ತವೆ. ಕಣಕುಂಬಿ, ಚೋರ್ಲಾ ಕಡೆಯ ಜಂಬಿಟ್ಟಿಗೆ ಬಯಲುಗಳಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಮಳೆ ಇಷ್ಟು ಸುರಿಯುವ ಸೀಮೆಗೆ ಬೆಂಕಿಯ ಭಯವೇನು ಎನ್ನಿಸಬಹುದು. ಈ ತಾಲ್ಲೂಕಿನ ಆಮಗಾಂವದಲ್ಲಿ 2010ರಲ್ಲಿ ಬಿದ್ದ ಮಳೆ 10,000 ಮಿಲಿಮೀಟರ್ ದಾಟಿತ್ತು. ಅಲ್ಲಿಂದ ಅರ್ಧ ದಿನದ ದಾರಿಯೂ ಅಲ್ಲದ ಬೆಳಗಾವಿ ನಗರಕ್ಕೆ ವರ್ಷಕ್ಕೆ ಬೀಳುವುದು ಅದರ ಎಂಟನೆಯ ಒಂದು ಪಾಲಿನ ಆಸುಪಾಸು. ಆದರೆ ಆ ಮಳೆಯೆಲ್ಲ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಮಳೆ ಬೆಳೆಸಿದ ಹುಲ್ಲು, ಎಲೆ, ಬಳ್ಳಿಗಳೆಲ್ಲ ಉಳಿದ ತಿಂಗಳುಗಳಲ್ಲಿ ಒಣಗುತ್ತವೆ. ಹೆಚ್ಚು ಮಳೆಯೆಂದರೆ ಬೇಸಿಗೆಗೆ ಹೆಚ್ಚು ಸೌದೆಯೆಂದೇ ಅರ್ಥ.

ಈ ಕಾಡಿನ ಬೆಂಕಿ ಬಹುಮಟ್ಟಿಗೆ ಮನುಷ್ಯರ ಕೈಯದು. ಅದರ ಹಳೆಯ ರೂಪ ಕುಮರಿ. ಬೆಟ್ಟದ ಇಳಿಜಾರಿನಲ್ಲಿ ಒಂದು ತುಂಡು ಕಾಡನ್ನು ಚಳಿಗಾಲದಲ್ಲಿ ಕಡಿದು, ಬಿದ್ದಲ್ಲೇ ಒಣಗಲು ಬಿಟ್ಟು, ಮಳೆಗೆ ಮುಂಚೆ ಸುಡುತ್ತಿದ್ದರು. ನೇಗಿಲು ಮುಟ್ಟಿಸುತ್ತಿರಲಿಲ್ಲ. ಬೂದಿಯ ಮೇಲೆ ರಾಗಿ, ಸಾಮೆ, ವರಿ, ಹುಚ್ಚೆಳ್ಳು ಚೆಲ್ಲಿ, ಎರಡು ಮೂರು ಬೆಳೆ ತೆಗೆದು, ನೆಲದ ಕಸುವು ಇಳಿದಾಗ ಬೇರೆ ಇಳಿಜಾರಿಗೆ ಹೋಗುವುದು ಕ್ರಮ. ಬಿಟ್ಟ ನೆಲಕ್ಕೆ ಹತ್ತು ಹದಿನೈದು ವರ್ಷ ವಿಶ್ರಾಂತಿ ಸಿಕ್ಕರೆ ಕಾಡು ಮರಳುತ್ತಿತ್ತು. ಸಿಗದಿದ್ದರೆ ಹುಲ್ಲು, ಬಿದಿರು, ಲಂಟಾನವೇ ಗತಿ. ಖಾನಾಪುರ ಮತ್ತು ಅದಕ್ಕೆ ತಗುಲಿದ ಸೂಪಾ ಸೀಮೆಯಲ್ಲಿ ಇದನ್ನು ನಂಬಿ ಬದುಕಿದವರು ಮುಖ್ಯವಾಗಿ ಕುಣಬಿಗಳು. ಕುಮರಿಯ ಜೊತೆಗೆ ಭತ್ತದ ಬೇಸಾಯದಲ್ಲೂ ಬೆಂಕಿಗೆ ಪಾಲಿತ್ತು. ಸಸಿಮಡಿಯ ಮೇಲೆ ಕಾಡಿನ ಸೊಪ್ಪು, ಸೆಗಣಿ, ಹುಲ್ಲು ಹರಡಿ ಸುಟ್ಟು, ಆ ಬೂದಿಯಲ್ಲಿ ಬೀಜ ಹಾಕುವ ಪದ್ಧತಿಗೆ ಸಹ್ಯಾದ್ರಿಯ ಮರಾಠಿ ಮಾತಿನಲ್ಲಿ ರಾಬ ಎಂದು ಹೆಸರು. ದನ ಎಮ್ಮೆ ಸಾಕುವ ಗೌಳಿಗಳಿಗೆ ಬೇಕಾದದ್ದು ಎಳೆ ಹುಲ್ಲು, ಅದಕ್ಕೆ ಹಳೆಯ ಹುಲ್ಲನ್ನು ಸುಡಬೇಕು. ಜೇನು ಕೀಳಲು ಹೊಗೆ ಬೇಕು, ಬೇಟೆಯವನಿಗೆ ಪೊದೆ ಬಯಲಾಗಬೇಕು. ಬೆಂಕಿಯೆಂದರೆ ಇವರಿಗೆ ಕೊಡಲಿ, ಕುಡುಗೋಲಿನ ಹಾಗೆ ಒಂದು ಸಾಧನ. ಎಚ್ಚರ ತಪ್ಪಿದಾಗ ಅದು ಕಾಡ್ಗಿಚ್ಚಾಗುತ್ತಿತ್ತು ಎಂಬುದೂ ನಿಜವೇ. ಅದನ್ನು ಮುಚ್ಚಿಟ್ಟು ಕುಮರಿಯನ್ನು ಬರೀ ಹೊಗಳುವುದು ಈಚಿನ ಬರವಣಿಗೆಯ ಒಂದು ದೌರ್ಬಲ್ಯ.

ಪೇಶ್ವೆಗಳ ಕೈಯಿಂದ ಬೆಳಗಾವಿ ಕೋಟೆ 1818ರಲ್ಲಿ ಇಂಗ್ಲಿಷರಿಗೆ ಹೋಯಿತು. 1836ರಲ್ಲಿ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. ಈ ನಡುವೆ ಖಾನಾಪುರದ ಕಾಡು ಸರ್ಕಾರದ ಕಣ್ಣಿಗೆ ಬಿದ್ದದ್ದು ಮರಮಟ್ಟಿನ ಕಣಜವಾಗಿ ಅಲ್ಲ, ಬಂಡಾಯಗಾರರ ಅಡಗುದಾಣವಾಗಿ. ಸಂಗೊಳ್ಳಿ ರಾಯಣ್ಣನ ದಂಡು 1830ರಲ್ಲಿ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟಿತು. ಮರುವರ್ಷ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಮರದ ಲೆಕ್ಕ ಶುರುವಾದದ್ದು ಆಮೇಲೆ. ಮುಂಬಯಿ ಸರ್ಕಾರ 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹಡಗಿಗೆ ತೇಗ, ದಂಡಿನ ಠಾಣ್ಯಕ್ಕೆ ಸೌದೆ, ಮುಂದೆ ರೈಲಿಗೆ ಸ್ಲೀಪರು, ಹೀಗೆ ಬೇಡಿಕೆ ಏರಿದಂತೆ ಕುಮರಿ ಸರ್ಕಾರದ ಶತ್ರುವಾಯಿತು. ಆಗ ಕೆನರಾ ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸ್ ಸರ್ಕಾರ 1860ರಲ್ಲಿ ಪೂರ್ವಾನುಮತಿಯಿಲ್ಲದ ಕುಮರಿಯನ್ನು ತಡೆಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿಗೆ ಸೇರಿದ ಮೇಲೆ ಸೂಪಾ, ಖಾನಾಪುರ ಎರಡೂ ಒಂದೇ ಪ್ರಾಂತದವಾದವು. ಪಶ್ಚಿಮಕ್ಕಿರುವ ಗೋವಾದ ಸತ್ತರಿ ಮಾತ್ರ ಪೋರ್ಚುಗೀಸರದು.

ಬೆಂಕಿಯಿಂದ ಕಾಡನ್ನು ವ್ಯವಸ್ಥಿತವಾಗಿ ಕಾಯುವ ಪ್ರಯೋಗ ಭಾರತದಲ್ಲಿ ಮೊದಲು ನಡೆದದ್ದು ಮಧ್ಯಪ್ರಾಂತದ ಬೋರಿ ಕಾಡಿನಲ್ಲಿ, 1860ರ ದಶಕದ ನಡುವೆ, ಪಿಯರ್ಸನ್ ಎಂಬ ಅಧಿಕಾರಿಯ ಕೈಯಲ್ಲಿ. ಕಾಡಿನ ಅಂಚಿಗೆ ಅಗಲವಾದ ಪಟ್ಟಿ ಸವರಿ, ಅದರ ಹುಲ್ಲನ್ನು ಬೇಸಿಗೆಗೆ ಮುಂಚೆಯೇ ಸುಟ್ಟು, ಆಚೆಯ ಬೆಂಕಿ ಈಚೆ ದಾಟದಂತೆ ಮಾಡುವುದು ಅವನ ವಿಧಾನ. ಇಂದಿಗೂ ಇಲಾಖೆಯ ಕೆಲಸದ ಬೆನ್ನೆಲುಬಾಗಿರುವ ಬೆಂಕಿ ರೇಖೆ ಇದೇ. 1878ರ ಅರಣ್ಯ ಕಾಯಿದೆ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧವಾಯಿತು. ಕಾಡಿನಲ್ಲಿ ಹಕ್ಕುಳ್ಳವರು ಬೆಂಕಿ ಕಂಡರೆ ಸುದ್ದಿ ಮುಟ್ಟಿಸಬೇಕು, ಆರಿಸಲು ಕೈಜೋಡಿಸಬೇಕು. ಬೇಕೆಂದೇ ಅಥವಾ ಭಾರೀ ಅಲಕ್ಷ್ಯದಿಂದ ಬೆಂಕಿ ಬಿದ್ದದ್ದು ಕಂಡರೆ, ಆ ಕಾಡಿನಲ್ಲಿ ಮೇವಿನ, ಸೌದೆಯ ಹಕ್ಕುಗಳನ್ನೆಲ್ಲ ಸರ್ಕಾರ ಕೆಲವು ಕಾಲ ನಿಲ್ಲಿಸಬಹುದಿತ್ತು. ಒಬ್ಬ ಮಾಡಿದ್ದಕ್ಕೆ ಊರೆಲ್ಲ ದಂಡ ತೆರಬೇಕಾದ ಈ ಕಲಮು 1927ರ ಕಾಯಿದೆಗೂ ಹಾಗೆಯೇ ದಾಟಿ ಬಂತು. ಬೆಂಕಿಯ ಬಗ್ಗೆ ಹೆಚ್ಚು ಬಲ್ಲವನೇ ಬೆಂಕಿಯ ಸುದ್ದಿ ಹೇಳಲು ಹಿಂಜರಿಯುವಂತೆ ಮಾಡಿದ ಕಾನೂನು ಇದು.

ಗಡಿಯಾಚೆಯವರ ಜೊತೆ ಒಪ್ಪಂದ ಮಾಡಿಕೊಳ್ಳುವುದು ಆ ಕಾಲದ ಸರ್ಕಾರಗಳಿಗೆ ಆಗದ ಮಾತಾಗಿರಲಿಲ್ಲ. ಕಾಯಿದೆ ಬಂದ ವರ್ಷವೇ, 1878ರ ಡಿಸೆಂಬರಿನಲ್ಲಿ, ಇಂಗ್ಲಿಷರೂ ಪೋರ್ಚುಗೀಸರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಗೋವಾದ ಉಪ್ಪಿನ ತಯಾರಿಕೆ, ಗಡಿಯ ಸುಂಕ, ಮುರಗಾಂವ ಬಂದರಿನ ರೈಲು ಎಲ್ಲವೂ ಅದರಲ್ಲಿದ್ದವು. 1880ರ ದಶಕ ಮುಗಿಯುವಷ್ಟರಲ್ಲಿ ಖಾನಾಪುರದ ಕಾಡಿನ ನಡುವಿನ ಲೋಂಡಾ ದೊಡ್ಡ ಜಂಕ್ಷನ್ ಆಯಿತು: ಒಂದು ದಾರಿ ಬೆಳಗಾವಿಗೆ, ಒಂದು ಧಾರವಾಡಕ್ಕೆ, ಇನ್ನೊಂದು ಕ್ಯಾಸಲ್‌ರಾಕ್ ಘಟ್ಟ ಇಳಿದು ಗೋವಾಕ್ಕೆ. ಉಪ್ಪಿನ ಮೂಟೆಗೂ ರೈಲಿನ ಹಳಿಗೂ ಗಡಿ ದಾಟುವ ದಾರಿ ಹೀಗೆ ಕಾಗದದ ಮೇಲೆ ನಿಗದಿಯಾಯಿತು. ಉಗಿಬಂಡಿಯ ಕಿಡಿ ಮಾತ್ರ ಕಾಡಿಗೆ ಬೆಂಕಿಯ ಹೊಸದೊಂದು ಮೂಲವಾಯಿತು. ಸುಂಕದ ಒಪ್ಪಂದ 1892ರಲ್ಲಿ ಮುಗಿಯಿತು, ರೈಲು ಉಳಿಯಿತು.

ಕುಮರಿ ಕುಗ್ಗಿದ ಮೇಲೂ ಕಾಡಿಗೆ ಒಲೆಯ ನಂಟು ತಪ್ಪಲಿಲ್ಲ. ಖಾನಾಪುರದ ಜೇಡಿಮಣ್ಣು ಮಡಕೆಗೂ ಹೆಂಚಿಗೂ ಹೆಸರಾದದ್ದು. ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆ ಇಲ್ಲಿ ನೆಲೆಯೂರಿದ್ದೂ ಆ ಮಣ್ಣಿನ ಗುಣದಿಂದಲೇ. ಆವಿಗೆ ಬೇಕಾದ ಸೌದೆ ಬರುತ್ತಿದ್ದದ್ದು ಹಿಂದಿನ ಬೆಟ್ಟಗಳಿಂದ. ಅದೇ ಬೆಟ್ಟಗಳ ಒಳಭಾಗವನ್ನು ಜಗತ್ತು ಗುರುತಿಸಿದ್ದು ಇನ್ನೊಂದು ಕಾರಣಕ್ಕೆ. ತಳೇವಾಡಿ ಬಳಿಯ ಬಾರಾಪೇಡೆ ಗವಿಗಳಲ್ಲಿ ಸಿಕ್ಕ ಒಂದು ಬಾವಲಿಯನ್ನು 1913ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಮುಂಬಯಿ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ರಾಟನ್ನನ ಹೆಸರಿಟ್ಟರು. ಭೀಮಗಡಕ್ಕೆ ಅಭಯಾರಣ್ಯದ ಪಟ್ಟ ಸಿಗುವಾಗ ಆ ಪುಟ್ಟ ಪ್ರಾಣಿಯ ಹೆಸರು ಮತ್ತೆ ಮತ್ತೆ ಕೇಳಿಬಂತು.

ಸ್ವಾತಂತ್ರ್ಯದ ನಂತರ ಗಡಿಗಳು ಕಡಿಮೆಯಾಗಲಿಲ್ಲ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದರ ಚಂದಗಡ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿತು, 1987ರಲ್ಲಿ ರಾಜ್ಯವಾಯಿತು. ಒಂದೇ ಬೆಟ್ಟಸಾಲು ಕರ್ನಾಟಕ, ಗೋವಾ, ಮಹಾರಾಷ್ಟ್ರದ ಮೂರು ಅರಣ್ಯ ಇಲಾಖೆಗಳ ಪಾಲಾಯಿತು. ಸಂರಕ್ಷಣೆಯೂ ಹಾಗೇ ತುಂಡುತುಂಡಾಗಿ ಬಂತು: ಗೋವಾದ ಮಹದಾಯಿ ಅಭಯಾರಣ್ಯ 1999ರಲ್ಲಿ, ಸುಮಾರು 208 ಚದರ ಕಿಲೋಮೀಟರ್, ಭೀಮಗಡ 2011ರಲ್ಲಿ, ಸುಮಾರು 190, ಮಹಾರಾಷ್ಟ್ರದ ತಿಲ್ಲಾರಿ ಸಂರಕ್ಷಣಾ ಮೀಸಲು 2020ರಲ್ಲಿ, 30ಕ್ಕೂ ಕಡಿಮೆ. ದಕ್ಷಿಣಕ್ಕೆ ಕಾಳಿ ಹುಲಿ ಮೀಸಲು. ಹುಲಿ ಈ ನಾಲ್ಕರಲ್ಲೂ ಓಡಾಡುತ್ತದೆ.

ಬೆಂಕಿಯ ವಿಷಯದಲ್ಲಿ ನೆರೆಯವರು ಒಂದು ಕಾಗದಕ್ಕೆ ಸಹಿ ಹಾಕಿದ ಉದಾಹರಣೆಗೆ ಆಗ್ನೇಯ ಏಷ್ಯಾವನ್ನು ನೋಡಬೇಕು. ಸುಮಾತ್ರಾ, ಬೋರ್ನಿಯೊ ದ್ವೀಪಗಳ ಜೌಗು ಕಾಡುಗಳಲ್ಲಿ ಬಿದ್ದ ಎಲೆ, ಕಾಂಡ ನೀರಿನಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಗಟ್ಟಿ ಪೀಟ್ ಎಂಬ ಕಪ್ಪು ಮಣ್ಣಾಗಿದೆ. ಜಗತ್ತಿನ ನೆಲದಲ್ಲಿ ಇಂಥ ಪ್ರದೇಶ ಶೇ. 3ರಷ್ಟು ಮಾತ್ರ, ಅದರೊಳಗಿನ ಇಂಗಾಲ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು. ನೀರಿರುವಾಗ ಅದು ಉರಿಯದು. ಇಂಡೊನೇಷ್ಯಾ 1990ರ ದಶಕದ ನಡುವೆ ಹತ್ತು ಲಕ್ಷ ಹೆಕ್ಟೇರ್ ಪೀಟ್ ನೆಲದಲ್ಲಿ ಭತ್ತ ಬೆಳೆಯಲು ಹೊರಟು, ಕಾಲುವೆ ತೋಡಿ ನೀರು ಬಸಿಯಿತು. ಭತ್ತ ಬೆಳೆಯಲಿಲ್ಲ, ನೆಲ ಒಣಗಿತು. 1997ರ ಎಲ್ ನಿನೊ ಬರದಲ್ಲಿ ಹೊತ್ತಿದ ಬೆಂಕಿ ನೆಲದ ಒಳಗೇ ತಿಂಗಳುಗಟ್ಟಲೆ ಕಮರಿ, ಸಿಂಗಪುರ, ಮಲೇಷ್ಯಾಗಳನ್ನು ಹೊಗೆಯಲ್ಲಿ ಮುಳುಗಿಸಿತು. 2002ರಲ್ಲಿ ಆಸಿಯಾನ್ ದೇಶಗಳು ಗಡಿ ದಾಟುವ ಹೊಗೆಯ ಕುರಿತು ಒಪ್ಪಂದ ಮಾಡಿಕೊಂಡವು. ಹೊಗೆಯ ಮುಖ್ಯ ಮೂಲವಾದ ಇಂಡೊನೇಷ್ಯಾ ಅದನ್ನು ಅನುಮೋದಿಸಿದ್ದು 2014ರಲ್ಲಿ, ಎಲ್ಲರಿಗಿಂತ ಕೊನೆಗೆ. ಮರುವರ್ಷವೇ ಮತ್ತೆ 26 ಲಕ್ಷ ಹೆಕ್ಟೇರ್ ಸುಟ್ಟಿತು. ಆಮೇಲೆ 2016ರಲ್ಲಿ ಆ ಸರ್ಕಾರ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿ ಪೀಟ್ ನೆಲವನ್ನು ಮರಳಿ ಒದ್ದೆ ಮಾಡುವ ಸಂಸ್ಥೆಯೊಂದನ್ನು ಕಟ್ಟಿತು. ಬೆಂಕಿ ಆರಿಸುವ ಯಂತ್ರಗಳಿಗಿಂತ ಈ ಅಡ್ಡಗಟ್ಟೆಗಳದೇ ಹೆಚ್ಚು ಬುದ್ಧಿಯ ಕೆಲಸ.

ಖಾನಾಪುರದಲ್ಲಿ ಅಂಥ ಪೀಟ್ ಇಲ್ಲ. ಇಲ್ಲಿನ ಬೆಂಕಿ ನೆಲದ ಮೇಲೆ ತರಗೆಲೆ, ಹುಲ್ಲು ಹಿಡಿದು ಓಡುತ್ತದೆ, ಜೂನಿನ ಮೊದಲ ಮಳೆಗೆ ಸಾಯುತ್ತದೆ. ದೊಡ್ಡ ಮರ ಉಳಿಯಬಹುದು, ಸಸಿ ಉಳಿಯುವುದಿಲ್ಲ. ಸಹ್ಯಾದ್ರಿಯಲ್ಲಿ ಜೌಗು ಕಾಡಿಗೆ ಹತ್ತಿರದ್ದೆಂದರೆ ರಾಮಪತ್ರೆ ಜಡ್ಡಿಗಳು. ಸತ್ತರಿಯ ಬಾಂಬರ್ ಎಂಬಲ್ಲಿ ಒಂದು, ಸಿಂಧುದುರ್ಗದ ಹೇವಾಳೆ-ಬಾಂಬರ್ಡೆಯಲ್ಲಿ ಇನ್ನೊಂದು, ದೇವರ ಕಾಡೆಂಬ ಭಯಭಕ್ತಿಯಿಂದ ಉಳಿದಿವೆ. ತೊರೆ ಹರಿಯುವವರೆಗೆ ಅವುಗಳಿಗೆ ಬೆಂಕಿಯ ಭಯವಿಲ್ಲ. ನೀರಿನ ಪ್ರಶ್ನೆಯೂ ಬೆಂಕಿಯ ಪ್ರಶ್ನೆಯೂ ಕೂಡುವುದು ಇಲ್ಲಿಯೇ.

ನೀರಿನ ವಿಷಯದಲ್ಲಿ ಮೂರು ರಾಜ್ಯಗಳು ಎದುರುಬದುರಾದದ್ದು ನ್ಯಾಯಮಂಡಳಿಯ ಮುಂದೆ. ಮಹದಾಯಿ ಹುಟ್ಟುವುದು ಖಾನಾಪುರದ ದೇಗಾಂವದ ಬಳಿ. ಗೋವಾದಲ್ಲಿ ಅದು ಮಾಂಡವಿಯಾಗಿ ಸಮುದ್ರ ಸೇರುತ್ತದೆ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಯ ಜಗಳಕ್ಕೆ 2010ರಲ್ಲಿ ನೇಮಕವಾದ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು. 2023ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ಈ ತೀರ್ಪನ್ನು ಜಾರಿಗೆ ತರಲು 'ಪ್ರವಾಹ' ಎಂಬ ಪ್ರಾಧಿಕಾರಕ್ಕೆ ಒಪ್ಪಿಗೆ ನೀಡಿತು. ಅದು ಅಳೆಯಬೇಕಾದದ್ದು ನೀರನ್ನು.

ಎರಡು ವಾರ ಕಳೆಯುವುದರೊಳಗೆ, ಮಾರ್ಚ್ ಮೊದಲ ವಾರದಲ್ಲಿ, ಅದೇ ನದಿಯ ಹೆಸರಿನ ಗೋವಾ ಅಭಯಾರಣ್ಯಕ್ಕೆ ಬೆಂಕಿ ಬಿತ್ತು. ಕಡಿದಾದ ಇಳಿಜಾರುಗಳಿಗೆ ಕಾಲಾಳು ಹತ್ತಲಾಗದೆ ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್ಟುಗಳಲ್ಲಿ ನೀರು ಸುರಿದವು. ಗೇರು ತೋಟ ಹಸನು ಮಾಡಲು ಹಚ್ಚಿದ್ದೇ, ಹಗೆಯಿಂದ ಹಚ್ಚಿದ್ದೇ ಎಂಬ ಚರ್ಚೆ ಬಹಳ ದಿನ ನಡೆಯಿತು. ಅದೇ ವರ್ಷದ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಮಹದಾಯಿಯನ್ನು ಹುಲಿ ಮೀಸಲೆಂದು ಘೋಷಿಸಲು ಆದೇಶಿಸಿತು. ಗೋವಾ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಬೆಂಕಿಯನ್ನು ಮೇಲಿನಿಂದ ಕಾಣುವ ಕಣ್ಣು ಈಗ ಎಲ್ಲರಿಗೂ ಒಂದೇ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹದ ಮಾಹಿತಿ ಕೊಡುತ್ತಿದೆ. ಮೊದಲು ಒಂದು ಕಿಲೋಮೀಟರ್ ಚೌಕದ ಲೆಕ್ಕದಲ್ಲಿ ಕಾಣುತ್ತಿದ್ದ ಬಿಸಿಚುಕ್ಕೆ ಆಮೇಲೆ 375 ಮೀಟರಿಗೆ ಇಳಿಯಿತು. ಎಚ್ಚರಿಕೆ ಸಂದೇಶ ಆಯಾ ಬೀಟಿನ ಗಾರ್ಡಿನ ಮೊಬೈಲಿಗೇ ಬರುತ್ತದೆ. ಚುಕ್ಕೆಗೆ ರಾಜ್ಯದ ಗುರುತಿಲ್ಲ, ಸಂದೇಶಕ್ಕಿದೆ. ನೆಲದ ಮೇಲಿನ ಕೆಲಸ ಮಾತ್ರ ಹೆಚ್ಚು ಬದಲಾಗಿಲ್ಲ: ಚಳಿ ಇಳಿಯುವ ಹೊತ್ತಿಗೆ ಬೆಂಕಿ ರೇಖೆ ಸವರಿ ಸುಡುವುದು, ಬೇಸಿಗೆಗೆ ದಿನಗೂಲಿಯ ಬೆಂಕಿ ಕಾವಲುಗಾರರನ್ನು ಹಚ್ಚುವುದು, ಹಸಿ ಸೊಪ್ಪಿನ ಟೊಂಗೆಯಿಂದ ಬಡಿದು ಆರಿಸುವುದು, ಗಾಳಿ ಜೋರಿದ್ದರೆ ಎದುರು ಬೆಂಕಿ ಕೊಡುವುದು. ಗಾಳಿ ಯಾವ ಹೊತ್ತಿಗೆ ಯಾವ ಕಣಿವೆಯಲ್ಲಿ ತಿರುಗುತ್ತದೆಂದು ಬಲ್ಲ ಆ ಕಾವಲುಗಾರರು ಸಿಗುವುದು ಕಾಡಂಚಿನ, ಕಾಡೊಳಗಿನ ಹಳ್ಳಿಗಳಿಂದಲೇ. ಭೀಮಗಡದ ಒಳಗಿನ ಹತ್ತಾರು ಹಳ್ಳಿಗಳಲ್ಲಿ ರಸ್ತೆ, ಆಸ್ಪತ್ರೆ, ಶಾಲೆಯ ಕೊರತೆಯಿಂದ ಬೇಸತ್ತ ಕೆಲವರು ಪರಿಹಾರ ಪಡೆದು ಹೊರಗೆ ಬರಲು ಒಪ್ಪಿದ್ದಾರೆ. ಸ್ಥಳಾಂತರ ತಳೇವಾಡಿಯಿಂದ ಶುರುವಾಗಿದೆ.