ಶರನ್ನವರಾತ್ರಿಯ ಬೊಂಬೆಗಳು

ಮಳೆಗಾಲದ ಆರ್ದ್ರತೆಯಡಗಿ ಆಶ್ವಯುಜ ಮಾಸದ ಶುಕ್ಲ ಪ್ರತಿಪತ್ತು ಸಮೀಪಿಸುತ್ತಿರಲು, ಅಟ್ಟದ ಪೆಟ್ಟಿಗೆಗಳನ್ನಿಳಿಸಿ, ಹಳೆಯ ಪಂಚೆಗಳಲ್ಲಿ ಸುತ್ತಿಟ್ಟಿದ್ದ ಬೊಂಬೆಗಳನ್ನು ಒಂದೊಂದಾಗಿ ಬಿಡಿಸಿ, ನಡುಮನೆಯಲ್ಲಿ ಬೆಸಸಂಖ್ಯೆಯ ಮೆಟ್ಟಿಲುಗಳನ್ನು ಕಟ್ಟಿ ಶುಭ್ರವಸ್ತ್ರವನ್ನು ಹಾಸುವ ಹಳೆಯ ಮೈಸೂರು ಸೀಮೆಯ ಗೃಹಿಣಿಯರ ಸಂಪ್ರದಾಯವು ನಮ್ಮ ಗೃಹಾಲಂಕಾರದ ಇತಿಹಾಸದಲ್ಲಿ ವಿಶೇಷ ಗೌರವಕ್ಕೆ ಪಾತ್ರವಾದುದು. ವಿಜಯನಗರದ ಮಹಾನವಮಿಯ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮುಂದೆ ಮೈಸೂರರಮನೆಯಲ್ಲಿ ಬೊಂಬೆಗಳಿಗೆಂದೇ ಬೊಂಬೆತೊಟ್ಟಿಯೊಂದು ಮೀಸಲಾಯಿತು. ಆದರೂ ಈ ಉತ್ಸವದ ಹೃದಯವು ಅಂಬಾರಿಗಿಂತ ಮಿಗಿಲಾಗಿ ಸಾಮಾನ್ಯರ ನಡುಮನೆಯಲ್ಲಿಯೇ ನೆಲೆಗೊಂಡಿತೆಂದು ನನ್ನ ದೃಢವಾದ ಭಾವನೆ.

ಮದುವೆಯಲ್ಲಿ ತವರಿನವರು ಮಗಳಿಗಿತ್ತ ಮರದ ಪಟ್ಟದ ಬೊಂಬೆಗಳು, ಎಂದರೆ ರಾಜರಾಣಿಯರ ಆ ಜೋಡಿ, ಕಳಶದ ಪಾರ್ಶ್ವದಲ್ಲಿ ಪ್ರತಿಷ್ಠಿತವಾಗಿ, ರೇಷ್ಮೆಯ ತುಂಡುಗಳನ್ನುಟ್ಟು, ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದವು. ಕೆಳಗಿನ ಮೆಟ್ಟಿಲುಗಳಲ್ಲಿ ಚನ್ನಪಟ್ಟಣದ ಅರಗುಬಣ್ಣದ ಆಟಿಕೆಗಳು, ಅಕ್ಕಿಬೇಳೆಗಳ ಮುಂದೆ ಕುಳಿತ ಶೆಟ್ಟಿ ದಂಪತಿಗಳು. ಮಗ್ಗುಲಿನಲ್ಲಿ, ತಟ್ಟೆಯ ಮಣ್ಣಿನಲ್ಲಿ ಕೆಲವು ದಿನ ಮುಂಚಿತವಾಗಿಯೇ ಬಿತ್ತಿದ ರಾಗಿಯು ಮೊಳೆತು ಹಸುರಾಗಿ ಬೊಂಬೆಗಳಿಗೊಂದು ಉದ್ಯಾನವೇ ಆಗುವುದು. ಇಕ್ಕಟ್ಟಾದ ಮನೆಗಳಲ್ಲಿಯೂ ಮಣ್ಣಿನ ಪರಿಚಯವನ್ನು ಮಕ್ಕಳಿಗೆ ಮಾಡಿಸಿದ ಪುಣ್ಯ ಈ ಪುಟ್ಟ ಕೃಷಿಯದು. ಸಂಜೆ ಹಾಡು, ಆರತಿಗಳು ಮುಗಿದ ಮೇಲೆ, ಮನೆಮನೆಗೆ ನಡೆದುಬಂದ ಮಕ್ಕಳ ಕೈಗೆ ಬೊಂಬೆ ಬಾಗಿನವೆಂದು ಕೊಬ್ಬರಿ ಮಿಠಾಯಿ, ರವೆಯುಂಡೆ, ಚಕ್ಕುಲಿಗಳು ದಿನಕ್ಕೊಂದು ಬಗೆಯಂತೆ ಸಲ್ಲುತ್ತಿದ್ದವು.